ಅಪ್ಪಾ, ಇಲ್ಲಿದೀನಪ್ಪಾ

ಜೂನ್ 3, ಸೋಮವಾರ

ಅಂಗಡಿ ಬಾಗಿಲು ತೆಗೆದದ್ದೇ ತಡ, ದೊಡ್ಡ ಫ್ರೇಮ್ ಕೇಳಿಕೊಂಡು ಇಬ್ಬರು. ಎಪ್ಪತ್ತರ ದಶಕದ ಕನ್ನಡಕಕ್ಕೆ ಮತ್ತೆ ಶುಕ್ರದೆಸೆ. ಅರ್ಧ ಮುಖ ಮುಚ್ಚುವಂಥವು. ಒಬ್ಬರನ್ನು ಬೋರ್ಡಿನ ಮುಂದೆ ಕೂರಿಸಿ ಅಕ್ಷರ ಓದಿಸುತ್ತಿದ್ದೆ. ಅವರ ಫೋನ್ ಅತ್ತಿತು.

“ಅಪ್ಪಾ... ಇಲ್ಲಿದೀನಪ್ಪಾ...”

ಕೈಯಲ್ಲಿದ್ದ ಲೆನ್ಸ್ ಜಾರಿತು. ರಿಂಗ್‌ಟೋನ್ ಅಂತೆ.

“ಎಂಥಾ ಅಳು ಅಲ್ವಾ ಮೇಡಂ? ಹಳೇ ಸಿನಿಮಾ ಅಂದ್ರೆ ಅದು. ಆ ಹುಡುಗ ಈಗ ಎಲ್ಲಿದ್ದಾನೋ ಏನೋ.”

“ಕಣ್ಣು ಅಲ್ಲಾಡಿಸಬೇಡಿ,” ಎಂದೆ.

ಹುಡುಗನನ್ನೇ ಹುಡುಕಲಿ. ಟೈಟಲ್‌ನಲ್ಲಿ ‘ಮಾಸ್ಟರ್ ಬುಗುರಿ’ ಎಂದು ಹಾಕಿದ್ದರು. ಕ್ರಾಪು, ಚಡ್ಡಿ. ನಾನು ಹೆಣ್ಣುಮಗು ಎಂದು ಯಾರಿಗೂ ಹೇಳಲಿಲ್ಲ. ಆಮೇಲೆ ನನಗೆ ಜಡೆ ಬಂತು, ಬುಗುರಿ ಮಾಯ. ಗಂಡನಿಗೂ ಹೇಳದೆ ಬದುಕಿಬಿಟ್ಟೆ. ಆ ಅಳು ಮಾತ್ರ ಬೆನ್ನು ಬಿಡುತ್ತಿಲ್ಲ.

ಜೂನ್ 9

ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಹಿಂದಿನಿಂದ ಅದೇ ಅಳು. ತಿರುಗಿದರೆ ಗುಬ್ಬಿ — ಮಗಳ ಮಗಳು, ಮುಂದಿನ ಹಾಲುಹಲ್ಲು ಈಗಷ್ಟೇ ಬಿದ್ದಿದೆ. ಮಗಳು ಫೋನ್ ಹಿಡಿದು ನಿಂತಿದ್ದಾಳೆ.

“ರೀಲ್ಸಲ್ಲಿ ಎಲ್ಲರೂ ಇದೇ ಮಾಡ್ತಿದಾರಮ್ಮ. ನಮ್ಮವಳು ಎಷ್ಟು ಚೆನ್ನಾಗಿ ಮಾಡ್ತಾಳೆ ನೋಡು.”

“ಬೇಡ. ಅಳಿಸು ಅದನ್ನ.”

“ಅಜ್ಜಿಗೆ ಹೊಟ್ಟೆಕಿಚ್ಚು,” ಎಂದಳು ಗುಬ್ಬಿ.

ಇಬ್ಬರೂ ನಕ್ಕರು. ನಾನೂ ನಕ್ಕೆನೇನೋ...

ಜೂನ್ 22

ಕೈಮೀರಿ ಹೋಯಿತು. ಮಗಳು ಆ ರೀಲನ್ನು ಸಿನಿಮಾದವರಿಗೆ ಕಳಿಸಿದ್ದಾಳೆ. ಹಳೇ ಡೈರೆಕ್ಟರ ಮಗ ಅದೇ ಸಿನಿಮಾ ಮತ್ತೆ ತೆಗೆಯುತ್ತಿದ್ದಾನಂತೆ. ಗುಬ್ಬಿಯನ್ನು ಆರಿಸಿದ್ದಾರೆ. ಮೊದಲು ಆ ಅಳು ಬರುವ ನೀರಿನ ಸೀನೇ.

“ಟ್ಯಾಂಕಲ್ಲಿ ಹಲಗೆ ಇರತ್ತಮ್ಮ, ಅದರ ಮೇಲೆ ನಿಲ್ಲಿಸ್ತಾರೆ. ಸೊಂಟದವರೆಗೆ ನೀರು, ಅಷ್ಟೆ.”

ನನಗೂ ಇದೇ ಮಾತು ಹೇಳಿದ್ದರು. ಆಮೇಲೆ ಹಲಗೆ ಎಳೆದರು. ಹೇಳದೆ ಕೇಳದೆ — ನಿಜವಾದ ಅಳು ಬರಲಿ ಎಂದು. ಅದು ಡೈಲಾಗ್ ಅಲ್ಲ. ಅಪ್ಪ, ನನ್ನ ಸ್ವಂತ ಅಪ್ಪ, ಕ್ಯಾಮೆರಾ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಮುಳುಗಿ ಮೇಲೆ ಬಂದಾಗೆಲ್ಲ ಕಾಣುತ್ತಿದ್ದರು. ನಾನು ಅವರಿಗೆ ಕಾಣುತ್ತಿಲ್ಲವೇನೋ ಎಂದು ಕೂಗಿದೆ. ಡೈರೆಕ್ಟರು ಕೈ ಎತ್ತಿ ಅಪ್ಪನನ್ನು ತಡೆದರು. ಅಪ್ಪ ಏಳಲಿಲ್ಲ.

ಇವತ್ತಿಗೂ ತಲೆಗೆ ನೀರು ಹುಯ್ದುಕೊಳ್ಳುವಾಗ ಕಣ್ಣು ಮುಚ್ಚಲಾರೆ.

ಜೂನ್ 23

ಹೇಳಿಬಿಟ್ಟೆ. ಮಗಳು ನಕ್ಕಳು.

“ಅಮ್ಮ, ಅವನು ಹುಡುಗ ಕಣಮ್ಮ.”

“ಅದು ನಾನೇ.”

“ಹಾಗಾದ್ರೆ ಅತ್ತು ತೋರಿಸು.”

ಬಾಯಿ ತೆರೆದೆ. ಉಸಿರೂ ಹೊರಡಲಿಲ್ಲ. ಗುಬ್ಬಿ ಬಂದು ಬೆನ್ನು ಸವರಿದಳು. ತೋರಿಸಲು ಒಂದು ಫೋಟೊ ಕೂಡ ಇಲ್ಲ, ಎಲ್ಲವನ್ನೂ ಅಪ್ಪನೇ ಸುಟ್ಟಿದ್ದರು.

“ಅಷ್ಟು ಭಯ ಇದ್ರೆ ನೀನೂ ಬಾ. ಪಕ್ಕದಲ್ಲೇ ಕೂತಿರು.”

ಪಕ್ಕದಲ್ಲೇ ಕೂತಿರುವುದು... ಅದಕ್ಕೇ ನನಗೆ ಭಯ.

ಜೂನ್ 28

ನಿದ್ದೆ ಇಲ್ಲ. ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಗಿರಾಕಿಯಿಂದ ಬೈಸಿಕೊಂಡೆ. ಮಗಳ ಹತ್ತಿರ ಮತ್ತೆ ಗೋಗರೆದೆ. “ಮಗು ಆಸೆಗೆ ಕಲ್ಲು ಹಾಕಬೇಡ,” ಎಂದಳು.

ಜುಲೈ 1, ಬೆಳಿಗ್ಗೆ — ಸ್ಟುಡಿಯೊ

ಕೈಗೊಂದು ಕೆಲಸ ಇರಲಿ ಎಂದು ಬರೆಯುತ್ತಿದ್ದೇನೆ.

ಡೈರೆಕ್ಟರ ಮಗನನ್ನೇ ಕೇಳಿದೆ, ಹಲಗೆ ಎಳೆಯೋದಿಲ್ಲ ತಾನೇ ಎಂದು. “ಛೆ ಛೆ, ಏನಜ್ಜಿ ನೀವು,” ಎಂದ, ಮುಖ ನೋಡದೆ. ಕುರ್ಚಿ ಹಾಕಿಸಿಕೊಟ್ಟ. ಕ್ಯಾಮೆರಾ ಪಕ್ಕ.

ಗುಬ್ಬಿಗೆ ಕ್ರಾಪು, ಚಡ್ಡಿ. ಹಲಗೆಯ ಮೇಲೆ ನಿಂತಿದ್ದಾಳೆ. ನೀರು ಬೆಚ್ಚಗಿದೆಯಂತೆ. ಮಗಳು ಆಗಲೇ ಫೋನ್ ಎತ್ತಿ ಹಿಡಿದಿದ್ದಾಳೆ.

ಹಲಗೆಯ ತುದಿಗೆ ಹಗ್ಗ. ನೀರಿನೊಳಗಿಂದ ಬಂದು ಸೆಟ್ಟಿನ ಹಿಂದಕ್ಕೆ ಹೋಗಿದೆ. ಅದನ್ನು ಹಿಡಿದವನು ಮಗುವಿನ ಕಡೆ ನೋಡುತ್ತಿಲ್ಲ. ಅಂದಿನವನೂ ನೋಡಿರಲಿಲ್ಲ.

ಕೂಗಬೇಕು. ದನಿ ಬರುತ್ತಿಲ್ಲ.

ಗುಬ್ಬಿ ನನಗೆ ಕೈ ಬೀಸುತ್ತಿದ್ದಾಳೆ. “ಅಜ್ಜೀ, ಇಲ್ಲಿದೀನಿ.”

ಡೈರೆಕ್ಟರ ಮಗನ ಕೈ ಮೇಲೆ ಹೋಯಿತು. ಅಂದು ಅಪ್ಪ ಏಳಲಿಲ್ಲ. ನಾನು ಎದ್ದು—