ಬಿಸಿ ಗೊತ್ತಾಗದ ಕೈ

ಡೊಂಬಿವಲಿ ಪೂರ್ವ
೧೯ ಮೇ ೧೯೯೪, ಗುರುವಾರ

ಪ್ರೀತಿಯ ಇವರಿಗೆ, ರಮಿತಾಳ ನಮಸ್ಕಾರ.

ರಾತ್ರಿ ಒಂಬತ್ತೂವರೆಗೆ ಬಚ್ಚಲಲ್ಲಿ ಯಾರೋ ನೀರು ಮೊಗೆದು ಸುರಿಯುವ ಸದ್ದಿಗೆ ಎಚ್ಚರವಾಯಿತು. ಪಾಪುವಿನ ಪಕ್ಕದಲ್ಲಿ ಕೂತಲ್ಲೇ ಕಣ್ಣು ಹತ್ತಿತ್ತು. ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ನೀವು ಹೇಗಿದ್ದೀರಿ? ಮೊನ್ನೆ ಸಿಟ್ಟಿನಲ್ಲಿ ಹೋದವರು ಘಣಸೋಲಿಯ ಫ್ಯಾಕ್ಟರಿಯಲ್ಲೇ ಉಳಿದಿದ್ದೀರಿ, ಕ್ಯಾಂಟೀನಿನ ಆ ಎಣ್ಣೆ ತೇಲುವ ಕಾಳಿನ ಉಸಳಿಗೆ ಹೊಟ್ಟೆ ಕೆಡದಿದ್ದರೆ ಸಾಕು. ಬೆನ್ನಿನ ಬೆವರುಗುಳ್ಳೆಗೆ ಹಾಕುವ ಪೌಡರ್ ಇಲ್ಲೇ ಉಳಿದಿದೆ. ಒಂದು ಅಂಗಿಯ ಜೊತೆ ಅದನ್ನೂ ಕೆಳಗಿನ ಮನೆಯ ಹುಲಗಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಇವತ್ತು ನಿಮ್ಮಲ್ಲೇ ರಾತ್ರಿ ಪಾಳಿಯ ಲೋಡಿಂಗ್ ಇದೆಯಂತೆ, ಈ ಕಾಗದವನ್ನೂ ಅವನೇ ತರುತ್ತಾನೆ. ಪಾಪುವಿನ ಕಾಲಿನ ಬೊಬ್ಬೆ ಇಳಿಯುತ್ತಿದೆ. ಮಕ್ಕಳ ಚರ್ಮ ಬೇಗ ಕೂಡಿಕೊಳ್ಳುತ್ತದೆ, ಕಲೆ ಕೂಡ ಉಳಿಯಲಿಕ್ಕಿಲ್ಲ ಎಂದು ಡಾಕ್ಟರು ಪಟ್ಟಿ ಬದಲಿಸುವಾಗ ಹೇಳಿದರು. ಸಂಜೆ ಹಾಲು ಕುಡಿದಳು. ಒಮ್ಮೆ ನಕ್ಕಳು ಕೂಡ, ನೀವು ನೋಡಬೇಕಿತ್ತು.

ಬಚ್ಚಲಲ್ಲಿದ್ದದ್ದು ಅಪ್ಪ. ಒಂದು ಬಕೆಟ್ಟಿನಲ್ಲಿ ನಲ್ಲಿಯ ನೀರು, ಇನ್ನೊಂದು ಪಾತ್ರೆಯಲ್ಲಿ ಸ್ಟೋವಿನಿಂದ ಇಳಿಸಿದ ಕುದಿನೀರು, ನಡುವೆ ಪಾಪುವನ್ನು ಮೀಯಿಸುವ ಬೋಗುಣಿ. ಅದರಲ್ಲಿ ಎರಡನ್ನೂ ಬೆರೆಸುವುದು, ಕೈ ಮುಳುಗಿಸಿ ಕಣ್ಣು ಮುಚ್ಚಿ ಕೂರುವುದು, ಚೆಲ್ಲುವುದು, ಮತ್ತೆ ಬೆರೆಸುವುದು. ನನ್ನನ್ನು ಕಂಡು, “ಬಿಸಿ ಉಂಟಾ ಮಗಾ?” ಎಂದರು. ಬೆರಳು ಅದ್ದಿದೆ, ಚುರ್ರೆಂದಿತು, ಎಳೆದುಕೊಂಡೆ. ಅಪ್ಪನ ಅಂಗೈ ಅದರೊಳಗೇ ಇತ್ತು. “ನಂಗೆ ಉಗುರುಬೆಚ್ಚಗೆ ಕಾಣ್ತದೆ,” ಎಂದು ಇನ್ನೊಂದು ಚೊಂಬು ತಣ್ಣೀರು ಸುರಿದರು. “ಈಗ?” ಈಗಲೂ ಸುಡುತ್ತಿತ್ತು. ಹದವಾಗಿದೆ ಅಪ್ಪ, ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಕೆಂಪಾದ ನನ್ನ ಬೆರಳು ನೋಡಿದರು. ನೀರು ಚೆಲ್ಲಿ, ಬೋಗುಣಿಯನ್ನು ಬೂದಿ ಹಾಕಿ ತಿಕ್ಕಿ ಕವುಚಿಟ್ಟರು.

ನಿಮ್ಮ ಕೆಲಸವನ್ನು ನಿಮಗೇ ಹೇಳಿಕೊಡುತ್ತಿದ್ದೇನೆ ಎಂದುಕೊಳ್ಳಬೇಡಿ. ಮದುವೆಯಾದ ಹೊಸತರಲ್ಲಿ ನೀವೇ ಹೇಳಿದ್ದು. ರಬ್ಬರಿನ ಪಟ್ಟಿಗಳನ್ನು ಓವನ್ನಿನೊಳಗೆ ತೂಗುಹಾಕಿ ಬಿಸಿಯಲ್ಲಿ ಬಿಡುತ್ತೀರಿ, ವರ್ಷಗಳು ಮಾಡುವ ಕೆಲಸವನ್ನು ಬಿಸಿ ಒಂದು ವಾರದಲ್ಲಿ ಮಾಡಿ ಮುಗಿಸುತ್ತದೆ. ಕರಗುವುದಿಲ್ಲ, ಸುಡುವುದಿಲ್ಲ, ನೋಡಲು ಹೊಸದರ ಹಾಗೇ ಇರುತ್ತದೆ, ಎಳೆದಾಗ ಮಾತ್ರ ಪಟ್ಟೆಂದು ಹರಿಯುತ್ತದೆ. ನಾನು ಬಿ.ಎಸ್ಸಿ. ಓದಿದವಳೆಂದು ನನಗೊಂದು ಹರಿದ ಪಟ್ಟಿ ತಂದು ತೋರಿಸಿದ್ದಿರಿ. ಕುಕ್ಕರಿನ ರಿಂಗು ಗಟ್ಟಿಯಾಗಿ ಸೀಟಿ ನಿಂತಾಗ ನಾನು ಬೈದರೆ, “ಬೈಬೇಡ ಮಾರಾಯ್ತಿ, ಅದಕ್ಕೂ ವಯಸ್ಸಾಯ್ತು,” ಎಂದವರು ನೀವು.

ಅಪ್ಪ ಮೀಸೆ ಮೂಡುವ ಮೊದಲೇ ಕಲ್ಯಾಣದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಮೈ ಒರೆಸಿಕೊಳ್ಳುವಾಗ ನೀವೂ ನೋಡಿದ್ದೀರಿ, ಅಂಗಿಯ ತೋಳಿನೊಳಗಿನ ಚರ್ಮ ನಿಮ್ಮದಕ್ಕಿಂತ ನುಣುಪು. ಮೊಣಕೈಯಿಂದ ಕೆಳಗೆ ಬೇರೆ ಯಾರೋ ಮುದುಕನ ಕೈ ತಂದು ಜೋಡಿಸಿದ ಹಾಗೆ, ಬಲೆ ಹೆಣೆದಂಥ ಕಂದು ಗೆರೆ, ಬಿರುಕು. ನಾವೆಲ್ಲ ಅದನ್ನು ಹೆಮ್ಮೆ ಎಂದುಕೊಂಡಿದ್ದೆವು. ನಮ್ಮ ಮದುವೆಯಲ್ಲಿ ಕುದಿಯುವ ಸಾರಿನ ಪಾತ್ರೆಯನ್ನು ಅಪ್ಪ ಬರಿಗೈಯಲ್ಲಿ ಇಳಿಸಿದಾಗ ನಿಮ್ಮ ಕಡೆಯವರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನೋವು ಯಾಕಾಗುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅಮ್ಮ ಇಲ್ಲದ ಬಾಣಂತನಕ್ಕೆ ಅಪ್ಪನೇ ಬಂದರು. ಮಣೆಯ ಮೇಲೆ ಕೂತು ಕಾಲು ನೀಡಿ, ಪಾಪುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದನ್ನು ನೋಡಲು ಕಟ್ಟಡದ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. “ವಿಷ್ಣಣ್ಣ, ಮೆಲ್ಲ, ಅದು ಮಗು, ನೀರುದೋಸೆ ಅಲ್ಲ,” ಎಂದು ಪಕ್ಕದ ಮನೆಯ ಲೋಲಾಕ್ಷಕ್ಕ ನಗುತ್ತಿದ್ದರು. ನೀರಿನ ಹದ ನೋಡುವುದಕ್ಕೆ ಅಪ್ಪನ ಕೈಗಿಂತ ಬೇರೆ ಕೈ ಬೇಕೇ ಎಂದು ನಾನು ಒಂದು ದಿನವೂ ಬೆರಳು ಅದ್ದಲಿಲ್ಲ. ಅಪ್ಪ ಪಾಪುವಿನ ಕಾಲಿಗೆ ಆ ನೀರು ಹೊಯ್ದ ಮೊನ್ನೆಯೂ ಅದ್ದಲಿಲ್ಲ.

ಈಗ ಅಪ್ಪ ಟ್ರಂಕಿಗೆ ಬಟ್ಟೆ ತುಂಬಿಟ್ಟಿದ್ದಾರೆ. ಬೆಳಿಗ್ಗೆ ಮೊದಲ ಲೋಕಲಿಗೆ ಕಲ್ಯಾಣಕ್ಕೆ, ಅದೇ ಹೋಟೆಲಿಗೆ. ಸೇಠರು ಯಾವಾಗ ಬಂದರೂ ಕಾವಲಿ ನಿನ್ನದೇ ಎಂದಿದ್ದಾರಂತೆ. ಅಪ್ಪನ ಮಣಿಕಟ್ಟಿನ ಹತ್ತಿರ ಒಂದು ಒರಟು ಗಂಟು ಒಣಗುತ್ತಿಲ್ಲವಲ್ಲ, ಥಾಣೆಯ ಚರ್ಮದ ಡಾಕ್ಟರು ಅದನ್ನು ನೋಡಿ ಏನೆಂದರು ಎಂದು ನಿಮಗೆ ನೆನಪಿರಬೇಕು. ಬಿಸಿಯಲ್ಲಿ ಮುದಿಯಾದ ಚರ್ಮ ಇದು, ಇನ್ನು ಬೆಂಕಿಯ ಮುಂದೆ ನಿಲ್ಲಿಸಬೇಡಿ, ಗಂಟು ಬೆಳೆದರೆ ಕತ್ತರಿಸಬೇಕಾದೀತು ಎಂದಿದ್ದರು. ಬೆಂಕಿಯಿಂದ ಬಿಡಿಸಬೇಕೆಂದೇ ಅಲ್ಲವೇ, ಬಾಣಂತನ ಮುಗಿದ ಮೇಲೂ ನೀವು ಅವರನ್ನು ಇಲ್ಲೇ ಉಳಿಸಿಕೊಂಡದ್ದು? ಹೋಗಬೇಡಿ ಎಂದು ನಾನು ಅತ್ತುಬಿಟ್ಟೆ. “ನಾನಿದ್ದರೆ ಅಳಿಯಂದಿರು ಮನೆಗೆ ಬರೂದಿಲ್ಲ. ಮಗುವಿಗೆ ಅಜ್ಜ ಇಲ್ಲದಿದ್ರೂ ನಡೀತದೆ,” ಎಂದರು. ನನ್ನ ಮಾತು ಅವರಿಗೆ ಮಗಳ ಮಾತು, ನಿಲ್ಲಿಸುವ ಮಾತಲ್ಲ. ನೀವು ಹೇಳಬೇಕು. ನಿನ್ನೆ ಫ್ಯಾಕ್ಟರಿಯ ಗೇಟಿಗೆ ಫೋನ್ ಮಾಡಿದೆ, ನೀವು ಫೋನಿಗೆ ಬರುವುದಿಲ್ಲವೆಂದು ಹೇಳಿ ವಾಚ್‌ಮನ್ ಇಟ್ಟುಬಿಟ್ಟ. ಅದಕ್ಕೇ ಕಾಗದ.

ಸಿಟ್ಟು ನಿಮಗೆ ಬರಬೇಕಾದದ್ದೇ, ನಿಮ್ಮ ಮಗಳು. ನನಗೂ ಬಂದಿತ್ತು. ಆದರೆ ಎರಡು ರಾತ್ರಿ ಅವಳ ಪಟ್ಟಿ ಕಟ್ಟಿದ ಕಾಲು ನೋಡುತ್ತ, ಆಚೆ ಗೋಡೆಗೆ ಮುಖ ಮಾಡಿ ಮಲಗಿದ ಅಪ್ಪನನ್ನು ನೋಡುತ್ತ, ಅದು ಯಾರ ಮೇಲೆ ಎಂದೇ ತಿಳಿಯದೆ ಹೋಯಿತು. ಊಟ ಬಿಡಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಪಾಪುವಿನ ಮುತ್ತು.

ನಿಮ್ಮ
ರಮಿತಾ

ತಾ.ಕ.: ಹುಲಗಪ್ಪ ಬಾಗಿಲಲ್ಲಿ ನಿಂತು, “ಅಕ್ಕಾರ, ಬಸ್ ತಪ್ಪತೈತ್ರಿ,” ಅನ್ನುತ್ತಿದ್ದಾನೆ. ಬರೆಯಬಾರದೆಂದುಕೊಂಡದ್ದನ್ನು ಬರೆದೇ ಬಿಡುತ್ತೇನೆ. ಅಪ್ಪನಿಗೆ ತಾಗಿದ್ದು ನಿಮ್ಮ ಬೈಗುಳ ಅಲ್ಲ. ಇಷ್ಟು ದಿನ ‘ಮಾವ, ನೀವು’ ಎನ್ನುತ್ತಿದ್ದವರು ಅವತ್ತು “ಕುಡಿದಿದ್ದೀಯಾ?” ಎಂದಿರಿ. ‘ಕುಡಿದಿದ್ದೀರಾ’ ಎಂದಿದ್ದರೆ ಇಲ್ಲ ಎಂದು ಹೇಳಿ ಸುಮ್ಮನಾಗುತ್ತಿದ್ದರು, ಹನಿ ಮುಟ್ಟದ ಮನುಷ್ಯ. ಆ ಒಂದು ಅಕ್ಷರ ಅವರನ್ನು ಎಬ್ಬಿಸಿ ಕಳಿಸುತ್ತಿದೆ. ಕ್ಷಮೆ ಕೇಳುವುದು ಬೇಡ. ಲೋಲಾಕ್ಷಕ್ಕನ ಮನೆಗೆ ಫೋನ್ ಮಾಡಿ. ಎಷ್ಟು ಹೊತ್ತಾದರೂ ನಮ್ಮ ಬಾಗಿಲು ಬಡಿದು ಕರೆಯುತ್ತೇನೆ ಎಂದಿದ್ದಾರೆ. ನನ್ನನ್ನಲ್ಲ, ಅಪ್ಪನನ್ನು ಕರೆಸಿ. ‘ಮಾವ, ನೀವು ಎಲ್ಲಿಗೂ ಹೋಗಬೇಡಿ’ ಎನ್ನಿ, ಅಷ್ಟು ಸಾಕು. ಮೊದಲ ಲೋಕಲ್ ನಾಲ್ಕಕ್ಕೇ ಇದೆ. ಅದಕ್ಕೆ ಮುಂಚೆ ಮಾಡಿ, ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮುಂಚೆ ಫೋನ್ ಮಾಡಿ.