ಹೆಸರು ನನ್ನ ಪಾಲು, ದಾರಿ ನಿಮ್ಮ ಪಾಲು

ಹೇಮಾನ ಅಪ್ಪಾರ,

ಮುನಿಸ್ಕೊಂಡು ಚಾದಂಗಡಿಗೆ ಹೋಗೀರಿ, ಹೋಗ್ರಿ. ನಾ ಕಂಪ್ಲಿಗೆ ನನ್ನ ತಮ್ಮನ ಮಗಳು ರಮಾನ ಗೃಹಪ್ರವೇಶಕ್ಕ ಹೊಂಟೀನಿ.

ರೊಟ್ಟಿ ಬುಟ್ಟ್ಯಾಗ ಅದಾವು. ಬಿಪಿ ಗುಳಿಗಿ ನುಂಗಿ, ನುಂಗಿದ ಗುರ್ತಿಗೆ ಲೋಟ ಬೋರಲ ಹಾಕ್ರಿ, ದಿನಾ ಹಾಕಿದಂಗ.

ಕಮಲಾಪುರದ ಮದಿವ್ಯಾಗ ಬೀಗರ ಹೆಸರು ಮರತ್ರಿ, ಹುಡುಗ್ರು ನಕ್ವು. ಅಷ್ಟಕ್ಕ ಇನ್ನ ಯಾರ ಮನಿಗೂ ಬರಂಗಿಲ್ಲ ಅಂದ್ರ ಹೆಂಗ್ರಿ? ವಯಸ್ಸಾದಂಗ ಮೆದುಳಿನ್ಯಾಗ ಒಂದು ದಾರಿ ಮಂದ ಆದ್ರ ಅದು ಇನ್ನೊಂದು ದಾರಿ ಹಿಡೀತೈತಿ ಅಂತ ಡಾಕ್ಟರಮ್ಮ ಹೇಳಲಿಲ್ಲೇನು? ಡ್ಯಾಮಿನ ಕಾಲುವಿ ಕಾದವ್ರಿಗೆ ಇದನ್ನ ನಾ ಹೇಳಬೇಕಾ? ಹೂಳು ತುಂಬಿದ್ರ ಪಕ್ಕದ ತೂಬು ಎತ್ತಿ ಗದ್ದಿಗೆ ನೀರು ಮುಟ್ಟಿಸ್ತಿರಲಿಲ್ಲೇನು?

ಈಗೂ ಅದನ್ನ ಮಾಡ್ತೀರಿ. ಹೆಸರು ಹೊಳೀಲಿಲ್ಲಂದ್ರ "ಏನ್ ಯಜಮಾನ್ರ, ಆರಾಮೇನ್ರಿ?" ಅಂತ ಕೈ ಹಿಡಕೊಂಡು ನಿಲ್ತೀರಿ, ನಾ ಬಂದು ಕಿವ್ಯಾಗ ಹೆಸರು ಊದೂತನಕ ಆ ಕೈ ಬಿಡಂಗಿಲ್ಲ. ಕಮಲಾಪುರದಾಗ ನಾ ಊಟಕ್ಕ ಮೊದ್ಲ ಪಂಕ್ತ್ಯಾಗ ಕುಂತಿದ್ದೆ, ಅಷ್ಟ.

ಚಪ್ಪಲಿ ಹಾಕ್ಕೊಂಡ ಮ್ಯಾಲ ನೆನಪಾತು: ರಮಾನ ಹೊಸಾ ಮನಿ ಯಾವ ಓಣ್ಯಾಗ ಐತಂತ ನನಗ ಗೊತ್ತಿಲ್ಲ. ಪಾಯಾ ಪೂಜಿಗೆ ಹೋದಾಗ ಮಾತಾಡ್ಕೋತ ನಿಮ್ಮ ಹಿಂದ ನಡದಿದ್ದೆ. ಹೆಸರು ಮರತ್ರೂ ದಾರಿ ನೀವು ಎಂದೂ ಮರ್ತಿಲ್ಲ.

ಅದಕ್ಕ ಬಸ್ ಹತ್ತಂಗಿಲ್ಲ, ಸ್ಟಾಪಿನ್ಯಾಗ ಕುಂತಿರ್ತೀನಿ. ಜಲ್ದಿ ಬರ್ರಿ.

ಬಿಳಿ ಅಂಗಿ ಬಾಗಿಲ ಹಿಂದ ಐತಿ. ಇಸ್ತ್ರಿ ನಿನ್ನೆ ರಾತ್ರೀನ ಮಾಡಿಟ್ಟೀನಿ.