ಗುಜರಿಗೆ ಹಾಕದ ತೋಳು

ಪ್ರೀತಿಯ ಭಾವಾ,

ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಕೊಟ್ಟ ಮಾತನ್ನು ನಾನು ಮೀರಿದ್ದೇನೆ. ಕ್ರೇನಿನ ಆ ತೋಳನ್ನು ಗುಜರಿಗೆ ಹಾಕಲಿಲ್ಲ. ಬೈಯುವುದಿದ್ದರೆ ಬೈಯಿರಿ, ಆದರೆ ಪೂರ್ತಿ ಓದಿದ ಮೇಲೆ.

ಹರಾಜಿನಲ್ಲಿ ಹಿಡಿದ ಹಳೇ ಮಿಲಿಟರಿ ಲಾರಿಯನ್ನು ನೀವು ಬಂಟ್ವಾಳದ ನಮ್ಮ ವರ್ಕ್‌ಶಾಪಿಗೆ ತಂದ ದಿನ ನೆನಪಾಗುತ್ತದೆ. ಅದರ ಮೇಲೆ ಕ್ರೇನ್ ಕೂರಿಸುವ ಆಸೆ ನಿಮ್ಮದು, ಉದ್ದ ಹಿಗ್ಗುವ ತೋಳಿನ ಹುಚ್ಚು ನನ್ನದು. ಉಕ್ಕಿನ ತಗಡಿನ ಒಂದು ನೀಳ ಪೆಟ್ಟಿಗೆ, ಅದರೊಳಗೆ ಜಾರುವ ಇನ್ನೊಂದು. ಬೇಕಾದಾಗ ಹೊರಗೆ ಎಳೆದರಾಯಿತು. ಒಳಗೆ ಸೇರಿಸಿದರೆ ಮಾಣಿ ಪೇಟೆಯ ಇಕ್ಕಟ್ಟಿನ ತಿರುವಿನಲ್ಲೂ ಲಾರಿ ಸಲೀಸಾಗಿ ಹೋಗಬೇಕು. ವೆಲ್ಡಿಂಗಿನ ಪ್ರತಿ ಇಂಚೂ ನಿಮ್ಮ ಕೈಯದ್ದೇ ಅಲ್ಲವೇ?

ಮಡಂತ್ಯಾರಿನಲ್ಲಿ ಮೋರಿಗೆ ಚಪ್ಪಡಿ ಎತ್ತಿದ ಬೆಳಿಗ್ಗೆಯ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಲೇ ಇಲ್ಲ. ಒಳಪೆಟ್ಟಿಗೆ ಪೂರ್ತಿ ಹೊರಗಿತ್ತು. ಹೊರಪೆಟ್ಟಿಗೆಯ ಬಾಯಿಯ ಹತ್ತಿರ ತಗಡು ಕಾಗದದ ಹಾಗೆ ಮಡಚಿಕೊಂಡಿತು, ಚಪ್ಪಡಿ ನಿಮ್ಮ ಕಾಲಿನಿಂದ ಒಂದು ಮಾರು ದೂರಕ್ಕೆ ಬಿತ್ತು. ನೀವು ಬದಿಗೆ ಹೋಗಿ ಬೀಡಿ ಹಚ್ಚಿದಿರಿ.

ಎರಡು ತಿಂಗಳಿಗೆ ನಿಮಗೆ ಕಾಮಾಲೆ. ಹಾಸಿಗೆಯ ಪಕ್ಕ ನನ್ನನ್ನು ಕರೆದು, "ವಾಸು, ಆ ತೋಳನ್ನು ಗುಜರಿಗೆ ಹಾಕು ಮಾರಾಯ. ಅದರ ಅಡಿಯಲ್ಲಿ ಯಾರಾದರೂ ಸಾಯ್ತಾರೆ" ಅಂದಿರಿ. ನಾನು ಹೂಂ ಅಂದೆ.

ನೀವು ತೀರಿಹೋದ ಮೇಲೆ ಒಂದು ದಿನ ಅಕ್ಕ ವರ್ಕ್‌ಶಾಪಿಗೆ ಬಂದಳು. ಮಡಚಿದ ಕಬ್ಬಿಣವನ್ನೇ ನೋಡುತ್ತಾ ಕೂತಿದ್ದ ನನ್ನನ್ನು ಕೇಳಿದಳು: "ಅವರು ಬೇಡ ಅಂದದ್ದು ಎಂತಕ್ಕೆ? ಮುರೀತದೆ ಅಂತ ಅಲ್ವಾ? ಮುರಿಯದ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ?"

"ಆಗ್ತದೆ" ಅಂದೆ. ಹೇಳಿದ ಮೇಲೇ ನನಗೂ ಗೊತ್ತಾದದ್ದು, ಆಗುತ್ತದೆ ಎಂದು.

ಮೊದಲ ಸಲ ಕಟ್ಟುವಾಗ ದಪ್ಪ ತಗಡು ಹಾಕುವ ಎಂದು ನೀವು ಹಟ ಹಿಡಿದದ್ದು ನೆನಪಿದೆಯೇ? ಹಾಕಿದ್ದರೆ ತೋಳು ತನ್ನ ಭಾರಕ್ಕೇ ಬಾಗುತ್ತಿತ್ತು. ತಗಡಿನ ದಪ್ಪ ಅಷ್ಟೇ ಇಟ್ಟು ಪೆಟ್ಟಿಗೆಗಳ ಎತ್ತರ ಹೆಚ್ಚಿಸಿದೆ. ಪೂರ್ತಿ ಚಾಚಿದಾಗ ಎರಡು ಅಡಿಯಷ್ಟೇ ಒಳಗೆ ಉಳಿಯುತ್ತಿದ್ದ ಒಳಪೆಟ್ಟಿಗೆಯನ್ನು ನಾಲ್ಕು ಅಡಿ ಉಳಿಯುವಂತೆ ಮಾಡಿದೆ. ಎಲ್ಲ ಭಾರವೂ ಬಂದು ಕೂರುವ ಹೊರಪೆಟ್ಟಿಗೆಯ ಬಾಯಿಗೆ ಸುತ್ತಲೂ ಉಕ್ಕಿನ ಪಟ್ಟಿ ಕೊಟ್ಟೆ. ಎತ್ತಬೇಕಾದ್ದಕ್ಕಿಂತ ಅರ್ಧಪಾಲು ಹೆಚ್ಚು ಕಲ್ಲು ನೇತುಹಾಕಿ, ಅಕ್ಕನ ಕೈಗೆ ದಾರ ಕೊಟ್ಟು ಬಾಗಿದ್ದನ್ನು ಅಳೆದೆವು. ಮೊದಲು ಒಂದು ಗೇಣು ಬಾಗುತ್ತಿದ್ದದ್ದು ಈಗ ಮೂರೇ ಬೆರಳು. ಕಲ್ಲು ಇಳಿಸಿದಾಗ ಮತ್ತೆ ನೆಟ್ಟಗೆ!

ಕಳೆದ ವಾರ ವೇಣೂರಿನ ಹತ್ತಿರ ಮರದ ದಿಮ್ಮಿ ತುಂಬಿದ ಲಾರಿಯೊಂದು ಹೊಳೆಯ ಕಡೆಗೆ ಮಗುಚಿತ್ತು. ಚಾಲಕನ ಕಾಲು ಕ್ಯಾಬಿನ್ನಿನ ಅಡಿಯಲ್ಲಿ. ರಸ್ತೆಯ ಅಂಚು ಕುಸಿಯುತ್ತಿದ್ದುದರಿಂದ ಕ್ರೇನನ್ನು ದೂರದಲ್ಲೇ ನಿಲ್ಲಿಸಿ ತೋಳನ್ನು ಪೂರ್ತಿ ಚಾಚಬೇಕಾಯಿತು. ನಮ್ಮ ಫಿಟ್ಟರ್ ಇದಿನಬ್ಬ ಹಗ್ಗ ಸುತ್ತುವ ವಿಂಚಿಗೆ ಕೈ ಹಾಕಿ, "ತಡೀತದಾ?" ಎಂದು ಕೇಳಿದ.

"ತಡೀತದೆ. ನೀನು ಎಳಿ, ನಾನು ಕೆಳಗೆ ಇರ್ತೇನೆ."

ನಿಮ್ಮ ಮಾತು ಕಿವಿಯಲ್ಲಿತ್ತು, ಭಾವಾ. ಆದರೂ ಇಳಿದು ತೋಳಿನ ಅಡಿಯಲ್ಲೇ ನಿಂತೆ. ಹಗ್ಗ ಬಿಗಿಯಾಯಿತು. ಕ್ಯಾಬಿನ್ ಒಂದು ಅಡಿ ಎದ್ದಿತು, ಅಲ್ಲೇ ನಿಂತಿತು. ಅಲ್ಲಿದ್ದ ಊರಿನವನೊಬ್ಬನೂ ನಾನೂ ಸೇರಿ ಚಾಲಕನನ್ನು ಎಳೆದುಕೊಂಡೆವು. ಕಾಲು ಮುರಿದಿದೆ, ಜೀವ ಉಂಟು. ನೀರು ಕುಡಿದವನೇ ಕೇಳಿದ್ದು, "ನನ್ನ ಲಾರಿ ಎಲ್ಲಿ?"

ಮೂಡುಬಿದಿರೆಯ ಕಂಟ್ರಾಕ್ಟರೊಬ್ಬರು ನಿನ್ನೆ ಬಂದು ಇನ್ನೊಂದು ಕ್ರೇನ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಮಾಡಿ ಕೊಡ್ತೇವೆ" ಎಂದಳು. ಈ ಸಲ ತೋಳು ಮೂರು ಪೆಟ್ಟಿಗೆಯದ್ದು. ಸೋಮವಾರ ತಗಡು ಕತ್ತರಿಸಲು ಶುರು.

ನಿಮ್ಮ
ವಾಸು